ಹಸುಗೂಸಿನ ಹೊಟ್ಟೆನುಲಿತ: ಮದ್ದೆಷ್ಟು, ಆರೈಕೆಯೆಷ್ಟು?

ಕಳೆದ ಮಳೆಗಾಲದ ಒಂದು ರಾತ್ರಿ ನಾನು ಚಿಕಿತ್ಸಾಲಯದ ಬಾಗಿಲು ಮುಚ್ಚುವ ಹೊತ್ತಿಗೆ, ಡೊಂಬಿವಲಿಯಲ್ಲಿ ನೆಲೆಸಿರುವ ಗದಗಿನ ಕಡೆಯ ಯುವ ದಂಪತಿಗಳು ಆರು ವಾರದ ಕೂಸನ್ನು ಎತ್ತಿಕೊಂಡು ಬಂದರು. ಕೂಸು ಮೂರು ವಾರಗಳಿಂದ ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳಲು ತೊಡಗಿದರೆ ರಾತ್ರಿ ಹತ್ತು, ಹನ್ನೊಂದರವರೆಗೂ ನಿಲ್ಲಿಸುತ್ತಿರಲಿಲ್ಲ. ಮುಖ ಕೆಂಪೇರುತ್ತಿತ್ತು, ಮುಷ್ಟಿ ಬಿಗಿಯುತ್ತಿತ್ತು, ಕಾಲುಗಳನ್ನು ಹೊಟ್ಟೆಯತ್ತ ಮಡಚಿ ಒದ್ದಾಡುತ್ತಿತ್ತು. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಹೆಣ್ಣುಮಗಳ ತಾಯಿ, ಮನೆಯಲ್ಲಿ ಯಜಮಾನರಿಗೆ ಆರೋಗ್ಯ ತಪ್ಪಿದ್ದರಿಂದ ತಿಂಗಳು ತುಂಬುವಷ್ಟರಲ್ಲಿ ಹಿಂದಿರುಗಿದ್ದರು. ಗೋಡೆಯಾಚೆಯ ನೆರೆಯವರು ಎರಡು ಸಲ ಬಾಗಿಲು ತಟ್ಟಿದ್ದರು.

ತಂದೆಯು ತನ್ನ ಕೈಚೀಲವನ್ನು ನನ್ನ ಮೇಜಿನ ಮೇಲೆ ಬರಿದು ಮಾಡಿದರು. ಅದರಲ್ಲಿ ಏಳು ವಸ್ತುಗಳಿದ್ದವು: ಗ್ರೈಪ್ ವಾಟರಿನ ಶೀಶೆ, ವಾಯುವಿಗೆಂದು ಕೊಂಡ ಹನಿಮದ್ದು, ನೆರೆಮನೆಯವರು ಕೊಟ್ಟ ಬಾಳಗುಟಿ, ಊರಿನಿಂದ ಬಂದ ಬಜೆಯ ಬೇರು, ಹರಳೆಣ್ಣೆ, ಜೇನುತುಪ್ಪ ಮತ್ತು ಇನ್ನೂ ಮುಚ್ಚಳ ತೆರೆಯದ ಹಾಲುಪುಡಿಯ ಡಬ್ಬಿ. “ಡಾಕ್ಟರ್ರ, ಎಲ್ಲಾ ಕೊಟ್ಟು ನೋಡಿದಿವ್ರಿ. ಇದರಾಗ ಖರೇ ಮದ್ದು ಯಾವುದು, ನೀವ ಹೇಳ್ರಿ” ಎಂದರು.

ಊರು ಬಿಟ್ಟು ಮಹಾನಗರಗಳಲ್ಲಿ ಸಂಸಾರ ಹೂಡಿರುವ ನಮ್ಮ ಅನೇಕ ಮನೆಗಳಲ್ಲಿ ಇಂತಹುದೇ ಒಂದು ಚೀಲವಿರುತ್ತದೆ. ಆದ್ದರಿಂದ ಆ ರಾತ್ರಿ ಅವರಿಗೆ ಹೇಳಿದ ಮಾತುಗಳನ್ನೇ ಸ್ವಲ್ಪ ವಿಸ್ತರಿಸಿ ವಾಚಕರ ಮುಂದಿಡುತ್ತಿದ್ದೇನೆ.

ಹೊಟ್ಟೆನುಲಿತವೆಂದರೇನು?

ಎಳೆಗೂಸುಗಳ ಈ ದೀರ್ಘ ರೋದನಕ್ಕೆ ವೈದ್ಯರು ‘ಕಾಲಿಕ್’ ಎಂಬ ಹೆಸರನ್ನು ಬಳಸುತ್ತಾರೆ. ದೊಡ್ಡ ಕರುಳನ್ನು ಸೂಚಿಸುವ ಗ್ರೀಕ್ ಶಬ್ದದಿಂದ ಅದು ಬಂದಿದೆ. ನಮ್ಮಲ್ಲಿ ಹೊಟ್ಟೆನುಲಿತ, ಹೊಟ್ಟೆಶೂಲೆ, ವಾಯು ಎಂದು ಮುಂತಾಗಿ ಕರೆಯುವುದು ವಾಡಿಕೆ. ಇದು ಹೊಸ ನಾಗರಿಕತೆಯ ರೋಗವೇನೂ ಅಲ್ಲ. ಆಯುರ್ವೇದದ ಬಾಲಚಿಕಿತ್ಸೆಯ ಪ್ರಾಚೀನ ಗ್ರಂಥವಾದ ಕಾಶ್ಯಪಸಂಹಿತೆಯಲ್ಲಿ, ಮಾತು ಬಾರದ ಶಿಶುವಿನ ನೋವನ್ನು ಲಕ್ಷಣಗಳಿಂದ ಅರಿಯುವುದಕ್ಕೆಂದೇ ‘ವೇದನಾಧ್ಯಾಯ’ವೆಂಬ ಒಂದು ಅಧ್ಯಾಯವಿದೆ. ಉದರಶೂಲೆಯಿಂದ ನರಳುವ ಶಿಶು ಮೊಲೆಯನ್ನು ಒಲ್ಲದೆ ಅಳುವುದನ್ನೂ, ಅದರ ಹೊಟ್ಟೆ ಬಿಗಿಯುವುದನ್ನೂ ಅಲ್ಲಿ ಹೇಳಿದೆ.

ಈ ಅಳುವಿಗೆ ಒಂದು ಅಳತೆಯನ್ನು ಕೊಟ್ಟವರು ಅಮೆರಿಕದ ಶಿಶುವೈದ್ಯ ಮಾರಿಸ್ ವೆಸೆಲ್ ಮತ್ತು ಅವರ ಸಂಗಡಿಗರು. 1954ರಲ್ಲಿ ಅವರು ಹೇಳಿದ ‘ಮೂರರ ಸೂತ್ರ’ವು ಇಂದಿಗೂ ಪ್ರಸಿದ್ಧವಾಗಿದೆ: ಬೇರೆಲ್ಲ ವಿಧದಲ್ಲಿ ಆರೋಗ್ಯವಾಗಿರುವ ಕೂಸು ದಿನಕ್ಕೆ 3 ಗಂಟೆಗಿಂತ ಹೆಚ್ಚಾಗಿ, ವಾರದಲ್ಲಿ 3 ದಿನಗಳಿಗಿಂತ ಹೆಚ್ಚಾಗಿ, 3 ವಾರಗಳಿಗಿಂತ ಹೆಚ್ಚು ಕಾಲ ಅಳುವುದು. 2016ರಲ್ಲಿ ತಜ್ಞರು ಈ ಗಂಟೆಗಳ ಲೆಕ್ಕವನ್ನು ಸಡಿಲಿಸಿ, ಐದು ತಿಂಗಳೊಳಗಿನ ಕೂಸು ಕಾರಣ ಕಾಣದೆ ಪದೇ ಪದೇ ದೀರ್ಘಕಾಲ ಅಳುತ್ತಿದ್ದು, ಜ್ವರವಾಗಲಿ ಬೆಳವಣಿಗೆಯ ಕುಂದಾಗಲಿ ಇಲ್ಲದಿದ್ದರೆ ಅದನ್ನು ಹೊಟ್ಟೆನುಲಿತವೆಂದು ತಿಳಿಯಬಹುದೆಂದು ನಿರ್ಣಯಿಸಿದರು. ಸುಮಾರು ಐದು ಕೂಸುಗಳಲ್ಲಿ ಒಂದಕ್ಕೆ ಈ ಬಾಧೆ ಬರುತ್ತದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಗಂಡೆಂದೂ ಹೆಣ್ಣೆಂದೂ, ಮೊಲೆಹಾಲಿನದೆಂದೂ ಸೀಸೆಹಾಲಿನದೆಂದೂ ಇದಕ್ಕೆ ಭೇದವಿಲ್ಲ.

ಅಳುವಿಗೂ ಒಂದು ಏರಿಳಿತವಿದೆ ಎಂಬುದನ್ನು ತಂದೆತಾಯಿಗಳು ಮೊದಲು ತಿಳಿಯಬೇಕು. ಬ್ರೇಜಲ್‌ಟನ್ ಎಂಬ ಶಿಶುವೈದ್ಯರು 80 ಆರೋಗ್ಯವಂತ ಕೂಸುಗಳ ತಾಯಂದಿರಿಂದ ಅಳುವಿನ ದಿನಚರಿ ಬರೆಯಿಸಿ 1962ರಲ್ಲಿ ಪ್ರಕಟಿಸಿದರು. ಎರಡನೆಯ ವಾರದಲ್ಲಿ ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆಯಿದ್ದ ಅಳು ಆರನೆಯ ವಾರದ ಹೊತ್ತಿಗೆ ಎರಡೂಮುಕ್ಕಾಲು ಗಂಟೆಗೆ ಏರಿ, ಹನ್ನೆರಡನೆಯ ವಾರದ ಹೊತ್ತಿಗೆ ಒಂದು ಗಂಟೆಗಿಂತ ಕೆಳಗಿಳಿದಿತ್ತು. ಸಂಜೆಯ ವೇಳೆಯಲ್ಲಿಯೇ ಅಳು ಹೆಚ್ಚು. ಅಂದರೆ ಎಲ್ಲ ಕೂಸುಗಳೂ ಈ ದಿಣ್ಣೆಯನ್ನು ಏರಿ ಇಳಿಯುತ್ತವೆ. ಕೆಲವು ಕೂಸುಗಳ ದಿಣ್ಣೆ ಬಹಳ ಎತ್ತರವಾಗಿರುತ್ತದೆ, ಅಷ್ಟೆ. ನನ್ನ ಮುಂದೆ ಕುಳಿತಿದ್ದ ದಂಪತಿಗಳ ಕೂಸು ಅಂದು ಆ ದಿಣ್ಣೆಯ ತುದಿಯಲ್ಲಿತ್ತು.

ಕಾರಣವೇನು?

ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲು ವೈದ್ಯಶಾಸ್ತ್ರಕ್ಕೆ ಇದುವರೆಗೆ ಸಾಧ್ಯವಾಗಿಲ್ಲ. ಕರುಳು ಮತ್ತು ನರಮಂಡಲ ಇನ್ನೂ ಬಲಿಯದಿರುವುದು, ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಲ್ಲಿನ ವ್ಯತ್ಯಾಸ, ಕೆಲವು ಕೂಸುಗಳಿಗೆ ಹಸುವಿನ ಹಾಲಿನ ಪ್ರೋಟೀನು ಒಗ್ಗದಿರುವುದು ಮುಂತಾದ ಹಲವು ವಾದಗಳಿವೆ. ‘ವಾಯು ತುಂಬಿದ್ದರಿಂದ ಅಳುತ್ತದೆ’ ಎಂಬುದು ನಮ್ಮ ಜನರ ನಂಬಿಕೆ. ಆದರೆ ಅಳುವಾಗ ಕೂಸು ಗಾಳಿಯನ್ನು ನುಂಗುತ್ತದೆ. ಹಾಗೆ ನುಂಗಿದ ಗಾಳಿಯಿಂದಲೇ ಹೊಟ್ಟೆ ಉಬ್ಬುತ್ತದೆ. ಆದ್ದರಿಂದ ವಾಯುವು ಎಷ್ಟೋ ಸಲ ಅಳುವಿನ ಕಾರಣವಾಗಿರದೆ ಅದರ ಪರಿಣಾಮವಾಗಿರುತ್ತದೆ.

ತಾಯಿಯು ಆಲೂಗಡ್ಡೆ ತಿಂದಳು, ಬೇಳೆ ತಿಂದಳು, ತಂಗಾಳಿಗೆ ಮೈಯೊಡ್ಡಿದಳು ಎಂದು ಬಾಣಂತಿಯನ್ನು ದೂಷಿಸುವ ಪದ್ಧತಿ ನಮ್ಮಲ್ಲಿದೆ. ಇದಕ್ಕೆ ತಕ್ಕ ಆಧಾರವಿಲ್ಲ. ಒಂದೊಂದನ್ನೇ ಬಿಡಿಸುತ್ತ ಹೋಗಿ ಕೊನೆಗೆ ಅನ್ನ, ತುಪ್ಪ, ಮೆಣಸಿನ ಸಾರಿನಲ್ಲಿಯೇ ಬಾಣಂತಿಯನ್ನು ನಿಲ್ಲಿಸಿದರೆ ಅವಳ ಶಕ್ತಿ ಕುಗ್ಗುವುದೇ ಹೊರತು ಕೂಸಿನ ಅಳು ಕುಗ್ಗುವುದಿಲ್ಲ. ಕೂಸಿನ ಮಲದಲ್ಲಿ ರಕ್ತ, ಮೈಮೇಲೆ ಗಂದೆ, ಪದೇ ಪದೇ ವಾಂತಿ ಇವುಗಳಿದ್ದರೆ ಮಾತ್ರ, ವೈದ್ಯರ ಸಲಹೆಯಂತೆ ತಾಯಿಯು ಎರಡು ವಾರ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಪರೀಕ್ಷಿಸುವುದುಂಟು.

ಮೊದಲು ನೋಡಬೇಕಾದ ಅಪಾಯದ ಚಿಹ್ನೆಗಳು

ಅಳುವ ಕೂಸುಗಳೆಲ್ಲವಕ್ಕೂ ಹೊಟ್ಟೆನುಲಿತವೇ ಎಂದು ತಿಳಿಯುವುದು ಅಪಾಯಕರ. ಈ ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ಮನೆಮದ್ದಿಗೆ ಕೈಹಾಕದೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು:

1. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ.
2. ಹಸಿರು ಬಣ್ಣದ ವಾಂತಿ, ಅಥವಾ ಹಾಲನ್ನು ದೂರಕ್ಕೆ ಚಿಮ್ಮಿಸುವಂತಹ ವಾಂತಿ.
3. ಮಲದಲ್ಲಿ ರಕ್ತ, ಮುಟ್ಟಿದರೆ ಕಲ್ಲಿನಂತೆ ಬಿಗಿದು ಉಬ್ಬಿರುವ ಹೊಟ್ಟೆ.
4. ಹಾಲನ್ನು ಪೂರ್ಣವಾಗಿ ಒಲ್ಲದಿರುವುದು, ಎಬ್ಬಿಸಿದರೂ ಏಳದ ಮಂಪರು, ಕೀರಲು ದನಿಯ ಅಥವಾ ತೀರ ಕ್ಷೀಣವಾದ ಅಳು.
5. ನೆತ್ತಿಯ ಸುಳಿ ಉಬ್ಬಿರುವುದು, ಫಿಟ್ಸ್, ಉಸಿರಾಟದಲ್ಲಿ ಏದುಸಿರು.
6. ಎಂಟು ಗಂಟೆಯಾದರೂ ಮೂತ್ರ ಮಾಡದಿರುವುದು; ತೂಕ ಏರದಿರುವುದು.
7. ತೊಡೆಯ ಸಂದಿಯಲ್ಲಿ ಗಡುಸಾದ ಊತ. ಇದು ಸಿಕ್ಕಿಕೊಂಡ ಹರ್ನಿಯಾ ಆಗಿರಬಹುದು.

ಇನ್ನೊಂದು ಸಣ್ಣ ಸಂಗತಿಯನ್ನು ನೆನಪಿಡಬೇಕು. ತಾಯಿಯ ತಲೆಗೂದಲಿನ ಎಳೆಯೊಂದು ಕೂಸಿನ ಕಾಲ್ಬೆರಳಿಗೋ ಕೈಬೆರಳಿಗೋ ಸುತ್ತಿಕೊಂಡು ಬಿಗಿದಾಗ ಕೂಸು ಅಡೆತಡೆಯಿಲ್ಲದೆ ಅಳುತ್ತದೆ. ಬಟ್ಟೆಯನ್ನೆಲ್ಲ ಬಿಚ್ಚಿ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುವುದು ಒಳ್ಳೆಯದು.

ನಾನು ಆ ಕೂಸನ್ನು ಹೀಗೆಯೇ ಪರೀಕ್ಷಿಸಿದೆ. ತೊಂದರೆ ಏನೂ ಕಾಣಲಿಲ್ಲ. ಹುಟ್ಟಿದಂದಿನಿಂದ ತೂಕ ಚೆನ್ನಾಗಿ ಏರಿತ್ತು. ಮೊದಲ ಮೂರು ತಿಂಗಳಲ್ಲಿ ಕೂಸು ದಿನಕ್ಕೆ 20ರಿಂದ 30 ಗ್ರಾಂನಷ್ಟು ಬೆಳೆಯುತ್ತಿದ್ದು, ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ ತಾಯಿಯ ಹಾಲು ಸಾಲುತ್ತಿದೆಯೆಂದೇ ಅರ್ಥ. ಹಾಲುಪುಡಿಯ ಡಬ್ಬಿಯನ್ನು ತೆರೆಯುವ ಕಾರಣವೇ ಇರಲಿಲ್ಲ. ಅದನ್ನು ಮೊದಲು ಬದಿಗಿಟ್ಟೆ.

ಚೀಲದಲ್ಲಿ ಉಳಿದ ಆರು ಮದ್ದುಗಳು

ಗ್ರೈಪ್ ವಾಟರ್: ಇದರ ಹುಟ್ಟೂರು ಇಂಗ್ಲೆಂಡ್. 1851ರಲ್ಲಿ ನಾಟಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ವಿಲಿಯಂ ವುಡ್‌ವರ್ಡ್ ಇದನ್ನು ತಯಾರಿಸಿದನು. ಅಂದಿನ ಮಿಶ್ರಣದಲ್ಲಿ ಸಬ್ಬಸಿಗೆಯ ಎಣ್ಣೆ, ಸೋಡಾ, ಸಕ್ಕರೆಗಳೊಡನೆ ಮದ್ಯಸಾರವೂ ಇತ್ತು! ಕೂಸುಗಳು ಶಾಂತವಾಗುತ್ತಿದ್ದುದರ ಗುಟ್ಟು ಎಷ್ಟೋ ಮಟ್ಟಿಗೆ ಅದೇ ಇರಬೇಕು. ಮುಂದೆ ಮದ್ಯಸಾರವನ್ನು ತೆಗೆದುಹಾಕಲಾಯಿತು. ಈಗ ಉಳಿದಿರುವ ಸಿಹಿನೀರು ನಾಲಗೆಗೆ ರುಚಿಸಿ ಕೂಸು ಕ್ಷಣಕಾಲ ಸುಮ್ಮನಾಗಬಹುದು. ಹೊಟ್ಟೆನುಲಿತವನ್ನು ಅದು ಗುಣಪಡಿಸುತ್ತದೆಂಬುದಕ್ಕೆ ಆಧಾರವಿಲ್ಲ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ನೀರನ್ನೂ ಕೊಡಬೇಕಾಗಿಲ್ಲವೆಂಬ ನಿಯಮಕ್ಕೂ ಇದು ವಿರುದ್ಧ.

ವಾಯುವಿನ ಹನಿಮದ್ದು: ಇದರಲ್ಲಿ ಸಾಮಾನ್ಯವಾಗಿ ಸಿಮೆಥಿಕೋನ್ ಎಂಬ ದ್ರವ್ಯವಿರುತ್ತದೆ. ಅದು ಬಹುಮಟ್ಟಿಗೆ ನಿರಪಾಯಕರ. ಆದರೆ ಪ್ರಯೋಗಗಳಲ್ಲಿ ಬರಿಯ ತೋರಿಕೆಯ ಮದ್ದಿಗಿಂತ ಹೆಚ್ಚಿನ ಗುಣವನ್ನು ಅದು ತೋರಿಸಲಿಲ್ಲ. ಇನ್ನು ಡೈಸೈಕ್ಲೊಮಿನ್ ಬೆರೆತ ಹನಿಗಳಿಂದ ಮಾತ್ರ ಬಹಳ ಎಚ್ಚರವಿರಬೇಕು. ಅವು ಅಳುವನ್ನು ತಗ್ಗಿಸುವುದು ನಿಜ; ಆದರೆ ಎಳೆಗೂಸುಗಳಲ್ಲಿ ಉಸಿರು ನಿಂತ ಪ್ರಸಂಗಗಳು 1980ರ ದಶಕದಲ್ಲಿ ವರದಿಯಾದ ಮೇಲೆ, ಆರು ತಿಂಗಳೊಳಗಿನ ಕೂಸುಗಳಿಗೆ ಅದನ್ನು ಕೊಡಬಾರದೆಂದು ನಿರ್ಧಾರವಾಯಿತು. ಅಂಗಡಿಯವನು ಕೊಟ್ಟ ಶೀಶೆಯ ಮೇಲಿನ ಹೆಸರನ್ನು ಓದದೆ ಒಂದು ಹನಿಯನ್ನೂ ಹಾಕಬೇಡಿರಿ.

ಬಾಳಗುಟಿ: ಇದರೊಳಗೆ ಏನೇನಿದೆಯೆಂಬುದು ಕೊಟ್ಟವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ. ಮುಂಬಯಿಯ ಹಳೆಯ ಕಥೆಯೊಂದನ್ನು ಇಲ್ಲಿ ನೆನೆಯಬೇಕು. 1920ರ ದಶಕದಲ್ಲಿ ಈ ನಗರದ ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸುಗಳನ್ನು ಚಾಳಿನಲ್ಲಿ ಬಿಟ್ಟು ಕೆಲಸಕ್ಕೆ ಹೋಗಬೇಕಾಗಿತ್ತು. ಹಗಲೆಲ್ಲ ಕೂಸು ಮಲಗಿರಲೆಂದು ‘ಬಾಳಗೋಳಿ’ ಎಂಬ ಗುಳಿಗೆಯನ್ನು ತಿನ್ನಿಸುತ್ತಿದ್ದರು. ಅದರಲ್ಲಿದ್ದುದು ಅಫೀಮು. ಅಂದಿನ ವೈದ್ಯರು ಅದನ್ನು ಕಂಡು ಬರೆದಿಟ್ಟಿದ್ದಾರೆ. ಇಂದಿನ ಗುಟಿಗಳಲ್ಲಿ ಅಫೀಮು ಇರಬೇಕೆಂದಿಲ್ಲ. ಆದರೆ ಇಂತಹ ಕೆಲವು ಮದ್ದುಗಳಲ್ಲಿ ಸೀಸದ ಅಂಶ ಕಂಡುಬಂದುದುಂಟು. ಕೂಸಿನ ಮಿದುಳಿಗೆ ಸೀಸವು ವಿಷ.

ಬಜೆ: ಕರ್ನಾಟಕದ ಬಾಣಂತಿಯ ಕೋಣೆಯಲ್ಲಿ ಬಜೆಗೆ ಗೌರವದ ಸ್ಥಾನವಿದೆ. ಪುಣೆ, ಮುಂಬಯಿಗಳಲ್ಲಿ ಇದೇ ವೇಖಂಡ, ಚೆನ್ನೈಯಲ್ಲಿ ವಸಂಬು, ಹೈದರಾಬಾದಿನಲ್ಲಿ ವಸ, ದಿಲ್ಲಿಯಲ್ಲಿ ಬಚ್. ಹೆಸರು ಯಾವುದಾದರೂ ಬೇರು ಒಂದೇ. ನಮ್ಮ ನಾಡಿನ ಬಜೆಯಲ್ಲಿ ಬೀಟಾ-ಅಸರೋನ್ ಎಂಬ ದ್ರವ್ಯವು ಹೇರಳವಾಗಿರುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಗಂಟುರೋಗಕ್ಕೆ ಕಾರಣವಾದುದರಿಂದ ಅಮೆರಿಕ ಸರ್ಕಾರವು 1968ರಲ್ಲಿ ಬಜೆಯನ್ನು ಆಹಾರ ಪದಾರ್ಥಗಳಲ್ಲಿ ಬಳಸುವುದನ್ನು ನಿಷೇಧಿಸಿತು. ತೇಯ್ದ ಬಜೆಯನ್ನು ಹೆಚ್ಚಾಗಿ ನೆಕ್ಕಿಸಿದರೆ ಕೂಸಿಗೆ ವಾಂತಿ, ಮಂಪರು ಬರಬಹುದು. ಹಿರಿಯರ ಮನಸ್ಸಿನ ಸಮಾಧಾನಕ್ಕೆ ಬೇರು ದೇವರ ಮಾಡದಲ್ಲಿರಲಿ. ಕೂಸಿನ ಬಾಯಿಗೆ ಬೇಡ.

ಹರಳೆಣ್ಣೆ: ಒಳಗೆ ಕುಡಿಸಿದರೆ ಭೇದಿಯಾಗಿ ಕೂಸಿನ ಮೈಯ ನೀರು ಆರುತ್ತದೆ. ಮೂಗು, ಕಿವಿಗಳಿಗೆ ಎಣ್ಣೆ ಬಿಡುವುದು ಇನ್ನೂ ಅಪಾಯಕರ. ಶ್ವಾಸಕೋಶಕ್ಕೆ ಇಳಿದ ಎಣ್ಣೆಯಿಂದ ಒಂದು ಬಗೆಯ ನ್ಯುಮೋನಿಯ ಉಂಟಾಗುತ್ತದೆ.

ಜೇನುತುಪ್ಪ: ಒಂದು ವರ್ಷ ತುಂಬುವವರೆಗೆ ಒಂದು ತೊಟ್ಟೂ ಕೂಡದು. ಜೇನಿನಲ್ಲಿ ಇರಬಹುದಾದ ಒಂದು ರೋಗಾಣುವಿನ ಬೀಜಕಗಳು ಎಳೆಗರುಳಿನಲ್ಲಿ ಮೊಳೆತು, ಮೈಯನ್ನೆಲ್ಲ ಸಡಿಲಗೊಳಿಸುವ ಬಾಟ್ಯುಲಿಸಂ ಎಂಬ ಘೋರ ವ್ಯಾಧಿಯನ್ನು ತರಬಲ್ಲವು.

ಚೀಲದಲ್ಲಿಲ್ಲದ ಎರಡು ಮಾತುಗಳನ್ನು ಇಲ್ಲಿ ಸೇರಿಸುವುದು ಅವಶ್ಯ. ಹೊಟ್ಟೆಯುಬ್ಬರಕ್ಕೆಂದು ಕೂಸಿನ ಹೊಟ್ಟೆಗೆ ಬರೆ ಎಳೆಯುವ ಕ್ರೂರ ಪದ್ಧತಿಯು ನಮ್ಮ ಕೆಲವು ಹಳ್ಳಿಗಳಲ್ಲಿ ಇನ್ನೂ ಪೂರ್ಣ ಅಳಿದಿಲ್ಲ. ರಜೆಗೆಂದು ಊರಿಗೆ ಹೋದಾಗ ಯಾರೇ ಒತ್ತಾಯಿಸಿದರೂ ಅದಕ್ಕೆ ಒಪ್ಪಬೇಡಿರಿ. ಎರಡನೆಯದಾಗಿ, ಇತ್ತೀಚಿನ ವರ್ಷಗಳಲ್ಲಿ ಲ್ಯಾಕ್ಟೊಬ್ಯಾಸಿಲಸ್ ರೂಟೆರಿ ಎಂಬ ಉಪಕಾರಿ ಸೂಕ್ಷ್ಮಜೀವಿಯ ಹನಿಗಳು ಬಂದಿವೆ. ಮೊಲೆಹಾಲು ಕುಡಿಯುವ ಕೂಸುಗಳಲ್ಲಿ ಇವು ಅಳುವನ್ನು ಸ್ವಲ್ಪ ತಗ್ಗಿಸುವುದೆಂದು, ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಮರ್ಶೆಯೊಂದು ತಿಳಿಸಿತು. ಪುಡಿಹಾಲು ಕುಡಿಯುವ ಕೂಸುಗಳಲ್ಲಿ ಅಂತಹ ಗುಣ ಖಚಿತವಾಗಲಿಲ್ಲ. ಇದನ್ನೂ ವೈದ್ಯರನ್ನು ಕೇಳಿಯೇ ಕೊಡತಕ್ಕದ್ದು.

ಮನೆಯಲ್ಲಿ ಮಾಡಬಹುದಾದ ಉಪಚಾರ

ಹಾಗಾದರೆ ಮಾಡುವುದೇನು? ಔಷಧದ ಅಂಗಡಿಯಲ್ಲಿ ಸಿಗದ ಕೆಲವು ಉಪಾಯಗಳಿವೆ.

ಹಾಲೂಡಿಸುವಾಗ ಕೂಸಿನ ಬಾಯಿ ಅಗಲವಾಗಿ ತೆರೆದು, ಮೊಲೆತೊಟ್ಟಿನೊಡನೆ ಅದರ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಸೇರಬೇಕು. ಒಂದು ಬದಿಯ ಹಾಲನ್ನು ಪೂರ್ತಿ ಕುಡಿದ ಮೇಲೆಯೇ ಇನ್ನೊಂದು ಬದಿಗೆ ಹಾಕಬೇಕು. ಬಳಿಕ ಹೆಗಲಿಗೆ ಹಾಕಿಕೊಂಡು ಬೆನ್ನನ್ನು ಮೆಲ್ಲನೆ ತಟ್ಟಿ ತೇಗು ಬರಿಸಬೇಕು.

ಅಳು ತೊಡಗಿದಾಗ ಕೂಸನ್ನು ನಿಮ್ಮ ಮುಂಗೈಯ ಮೇಲೆ ಬೋರಲಾಗಿ, ತಲೆ ಮೊಣಕೈಯ ಮಡಿಕೆಯಲ್ಲಿ ಬರುವಂತೆ ಮಲಗಿಸಿಕೊಂಡು, ಇನ್ನೊಂದು ಕೈಯಿಂದ ಬೆನ್ನು ಸವರುತ್ತ ಮೆಲ್ಲಗೆ ಅಡ್ಡಾಡಿರಿ. ಹೊಟ್ಟೆಯ ಮೇಲೆ ಬೀಳುವ ಹಿತವಾದ ಒತ್ತಡದಿಂದ ಎಷ್ಟೋ ಕೂಸುಗಳು ಸುಮ್ಮನಾಗುತ್ತವೆ. ಆದರೆ ನಿದ್ದೆ ಹತ್ತಿದ ಮೇಲೆ ಅಂಗಾತವಾಗಿಯೇ ಮಲಗಿಸಬೇಕು; ಬೋರಲಾಗಿ ಮಲಗಿಸಿಬಿಡಬಾರದು.

ಸಂಜೆ ಉಗುರುಬೆಚ್ಚಗಿನ ನೀರಿನ ಸ್ನಾನ, ಹೊಟ್ಟೆಯ ಮೇಲೆ ಬಲದಿಂದ ಎಡಕ್ಕೆ ಅಂಗೈಯಿಂದ ಮೆಲ್ಲನೆ ವೃತ್ತಾಕಾರದಲ್ಲಿ ಸವರುವುದು, ಮೊಣಕಾಲುಗಳನ್ನು ಹೊಟ್ಟೆಗೆ ಒತ್ತಿ ಬಿಡುವುದು ಇವು ಹಿತಕರ. ಬಿಸಿ ಮಾಡಿದ ವೀಳ್ಯದೆಲೆಯಿಂದ ಶಾಖ ಕೊಡುವಾಗ ಎಳೆಚರ್ಮ ಸುಟ್ಟ ಉದಾಹರಣೆಗಳಿರುವುದರಿಂದ ಅದನ್ನು ಬಿಡುವುದು ಲೇಸು. ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಹಾಕುವುದೂ, ಮನೆಯೊಳಗೆ ಬೀಡಿ, ಸಿಗರೇಟು ಸೇದುವುದೂ ಕೂಡದು. ಫ್ಯಾನಿನ ಒಂದೇ ಸಮನಾದ ಸದ್ದು, ಕತ್ತಲೆಗೋಣೆ, ತೂಗುವ ತೊಟ್ಟಿಲು, ಜೋಗುಳ ಇವೆಲ್ಲ ನೆರವಾಗುತ್ತವೆ. ಜೋಗುಳ ಬಾರದಿದ್ದರೆ ನಿಮಗೆ ಬರುವ ಯಾವ ಹಾಡಾದರೂ ಆದೀತು.

ಎತ್ತಿಕೊಂಡರೆ ಕೂಸಿಗೆ ಕೆಟ್ಟ ಅಭ್ಯಾಸವಾಗುತ್ತದೆಂದು ಹೆದರಬೇಕಾಗಿಲ್ಲ. ಕೆನಡಾದಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಳದಿರುವಾಗಲೂ ಕೂಸನ್ನು ಹೆಚ್ಚು ಹೊತ್ತು ಎತ್ತಿಕೊಂಡ ಮನೆಗಳಲ್ಲಿ ಆರನೆಯ ವಾರದ ಅಳು 43 ಶೇಕಡದಷ್ಟು ಕಡಿಮೆಯಾಗಿತ್ತು. ಹೊಟ್ಟೆನುಲಿತ ಆಗಲೇ ನೆಲೆಯೂರಿದ್ದ ಕೂಸುಗಳಲ್ಲಿ ಮುಂದೆ ಇದೇ ಪ್ರಯೋಗ ನಡೆದಾಗ ಅಷ್ಟು ಗುಣ ಕಾಣಲಿಲ್ಲ. ಆದರೂ ಎತ್ತಿಕೊಳ್ಳುವುದರಿಂದ ಕೆಡುಕಂತೂ ಇಲ್ಲ. ಇಷ್ಟೆಲ್ಲ ಮಾಡಿದರೂ ಕೆಲವು ಸಂಜೆಗಳಲ್ಲಿ ಕೂಸು ಅಳುತ್ತಲೇ ಇರಬಹುದು. ಅದು ನಿಮ್ಮ ಸೋಲಲ್ಲ.

ತಾಯಿಯ ಆರೈಕೆ

ಇಷ್ಟನ್ನೆಲ್ಲ ತಂದೆಯು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದಾಗ, ಅದುವರೆಗೆ ಮಾತೇ ಆಡದಿದ್ದ ತಾಯಿಯು ತಲೆ ತಗ್ಗಿಸಿ ನುಡಿದಳು: “ನಿನ್ನೆ ರಾತ್ರಿ ಕೂಸಿನ್ನ ಹಿಡಿದು ಅಲುಗಾಡಿಸಿಬಿಡಬೇಕು ಅನ್ನಿಸ್ತರೀ. ತೊಟ್ಟಲದಾಗ ಹಾಕಿ, ಬಚ್ಚಲಕ್ಕ ಹೋಗಿ ಬಾಗಲಾ ಹಾಕ್ಕೊಂಡು ಅತ್ತೆ. ನನ್ನಂಥ ತಾಯಿ ಯಾರಿರ್ತಾರ್ರೀ?”

“ತಾಯೀ, ನೀನು ಮಾಡಿದ್ದೇ ಸರಿ” ಎಂದೆ. ಅವಳಿಗೆ ನಂಬಿಕೆಯಾಗಲಿಲ್ಲ. ಆದ್ದರಿಂದ ವಿವರಿಸಿ ಹೇಳಬೇಕಾಯಿತು. ಎಳೆಗೂಸಿನ ತಲೆ ಭಾರ, ಕುತ್ತಿಗೆ ದುರ್ಬಲ. ಸಿಟ್ಟಿನ ಭರದಲ್ಲಿ ಕೆಲವೇ ಕ್ಷಣ ಜೋರಾಗಿ ಕುಲುಕಿದರೂ ಮಿದುಳಿನಲ್ಲಿ, ಕಣ್ಣಿನ ಒಳಪದರದಲ್ಲಿ ರಕ್ತಸ್ರಾವವಾಗಿ ಕೂಸು ಕುರುಡಾಗಬಹುದು, ಸಾಯಲೂಬಹುದು. ಇದನ್ನು ಬ್ರಿಟನ್ನಿನ ಶಸ್ತ್ರವೈದ್ಯ ಗತ್‌ಕೆಲ್ಚ್ 1971ರಷ್ಟು ಹಿಂದೆಯೇ ಎಚ್ಚರಿಸಿದ್ದರು. ಹಾಗೆ ಕುಲುಕುವವರು ಕ್ರೂರಿಗಳೇ ಆಗಿರಬೇಕೆಂದಿಲ್ಲ. ನಿದ್ದೆಗೆಟ್ಟು ಒಂಟಿಯಾಗಿ ಸೋತುಹೋದವರೂ ಆಗಿರುತ್ತಾರೆ. ಅಂತಹ ಗಳಿಗೆ ಬಂದಾಗ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಪಕ್ಕದ ಕೋಣೆಗೆ ಹೋಗಿ, ಮುಖ ತೊಳೆದು, ನೀರು ಕುಡಿದು, ಹತ್ತು ನಿಮಿಷ ಕುಳಿತು ಹಿಂದಿರುಗಬೇಕು. ಹತ್ತು ನಿಮಿಷದ ಅಳುವಿನಿಂದ ಯಾವ ಕೂಸಿಗೂ ಕೇಡಾಗುವುದಿಲ್ಲ. ಆ ತಾಯಿಯು ಪಾಪವೆಂದು ತಿಳಿದು ಮುಚ್ಚಿಟ್ಟಿದ್ದುದು ವೈದ್ಯರು ಪ್ರತಿಯೊಬ್ಬ ತಾಯಿಗೂ ಹೇಳಿಕೊಡಬೇಕಾದ ಪಾಠವಾಗಿತ್ತು.

ಕೂಸು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿರುವುದು, ಎರಡು ವಾರಗಳಿಗಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿರುವುದು, ತನಗೋ ಕೂಸಿಗೋ ಕೇಡು ಮಾಡುವ ಯೋಚನೆ ಬರುವುದು ಇವು ಬಾಣಂತಿಯರಿಗೆ ಬರುವ ಮನೋವ್ಯಾಧಿಯ ಲಕ್ಷಣಗಳು. ಇದಕ್ಕೆ ಚಿಕಿತ್ಸೆಯುಂಟು, ನಾಚಿಕೆ ಬೇಡ. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಊರಿನಲ್ಲಿ ಕೂಡುಕುಟುಂಬವಿದ್ದಾಗಲೂ ಕೂಸುಗಳು ಅಳುತ್ತಿದ್ದವು. ಆದರೆ ಅಜ್ಜಿ, ಅತ್ತೆ, ಚಿಕ್ಕಮ್ಮ ಎಂದು ಅಳುವ ಕೂಸು ಕೈಯಿಂದ ಕೈಗೆ ಸಾಗುತ್ತಿತ್ತು; ತಾಯಿಗೆ ಎರಡು ಗಂಟೆಯ ನಿದ್ದೆ ಸಿಗುತ್ತಿತ್ತು. ನಗರದಲ್ಲಿ ನಾವು ಊರಿನ ಬಜೆಯನ್ನು ತರಿಸಿಕೊಂಡೆವು, ಆ ಕೈಗಳನ್ನು ತರಿಸಿಕೊಳ್ಳಲು ಆಗಲಿಲ್ಲ. ಆ ಕೊರತೆಯನ್ನು ಶೀಶೆಗಳಿಂದ ತುಂಬಲು ಹೊರಟಿದ್ದೇವೆ. ಹೊಟ್ಟೆನುಲಿತಕ್ಕೆ ಕಾಲವೇ ಮದ್ದು. ಆ ಕಾಲವನ್ನು ಕಳೆಯಲು ತಾಯಿಗೆ ಬೇಕಾದುದು ನೆರವು.

ಆ ರಾತ್ರಿ ನಾನು ಬರೆದುಕೊಟ್ಟ ಚೀಟಿಯಲ್ಲಿ ಔಷಧದ ಹೆಸರಿರಲಿಲ್ಲ. ಸಂಜೆ ಏಳರಿಂದ ಒಂಬತ್ತರವರೆಗೆ ಕೂಸು ತಂದೆಯ ಕೈಯಲ್ಲಿರತಕ್ಕದ್ದು, ಆ ಹೊತ್ತಿನಲ್ಲಿ ತಾಯಿ ಮಲಗತಕ್ಕದ್ದು ಎಂದು ಬರೆದಿದ್ದೆ. ಅವರ ಬೀದಿಯಲ್ಲಿಯೇ ಇರುವ, ನಮ್ಮ ಸಂಘದ ಹಿರಿಯ ಸದಸ್ಯೆಯೊಬ್ಬರಿಗೆ ವಿಷಯ ತಿಳಿಸಿದೆ. ತಂದೆಗೆ ಕಚೇರಿಯಿಂದ ಬರುವುದು ತಡವಾದ ದಿನಗಳಲ್ಲಿ ಆ ಅಜ್ಜಿ ಹೋಗಿ ಕೂಸನ್ನು ಎತ್ತಿಕೊಂಡು ಅಡ್ಡಾಡಿದರು. ಆರು ವಾರಗಳ ತರುವಾಯ ಲಸಿಕೆಗೆಂದು ಕರೆತಂದಾಗ ಕೂಸು ನನ್ನ ಕನ್ನಡಕವನ್ನು ನೋಡಿ ನಕ್ಕಿತು. ಸಂಜೆಯ ಅಳು ಅರ್ಧ ಗಂಟೆಗೆ ಇಳಿದಿದೆ ಎಂದು ತಾಯಿ ಹೇಳಿದಳು.

ಈ ಲೇಖನವನ್ನು ಓದಿದವರಲ್ಲಿ ಒಂದು ವಿನಂತಿ. ನಿಮ್ಮ ಕಟ್ಟಡದಲ್ಲಾಗಲಿ ಬೀದಿಯಲ್ಲಾಗಲಿ ಸಂಜೆಯಾಯಿತೆಂದರೆ ಎಳೆಗೂಸಿನ ಅಳು ಕೇಳಿಬರುತ್ತಿದ್ದರೆ, ಹೊಸ ಮದ್ದಿನ ಹೆಸರನ್ನು ಹೇಳಿ ಬರಬೇಡಿರಿ. ಕೈತೊಳೆದುಕೊಂಡು ಹೋಗಿ, “ಇತ್ತ ಕೊಡವ್ವಾ ಕೂಸನ್ನು, ನೀನು ಒಂದು ಗಳಿಗೆ ಮಲಗು” ಎನ್ನಿರಿ.